ಏಕತಾರಿಯಿಂದ ಗಿಟಾರಿಗೆ: ಶರೀಫರ ಪದಗಳ ಸುತ್ತಲಿನ ಜಗಳ

ಶಿಶುನಾಳ ಶರೀಫರ ಪದ ಎಂದ ಕೂಡಲೇ ಕನ್ನಡದ ಮೂರು ತಲೆಮಾರಿನ ಕಿವಿಗಳಿಗೆ ಮೂರು ಬೇರೆ ಬೇರೆ ದನಿಗಳು ಕೇಳಿಸುತ್ತವೆ. ಅರವತ್ತು ದಾಟಿದ ಹಳ್ಳಿಯವರಿಗೆ ಅಮವಾಸ್ಯೆ ರಾತ್ರಿಯ ಭಜನೆ, ಅದರ ದಮ್ಮಡಿ ಮತ್ತು ತಾಳ. ನಲವತ್ತು ಐವತ್ತರ ಆಸುಪಾಸಿನವರಿಗೆ ಕ್ಯಾಸೆಟ್ಟಿನಿಂದ ಹೊರಟ ಸಿ. ಅಶ್ವಥ್ ಅವರ ಏರುದನಿ. ಅದಕ್ಕಿಂತ ಚಿಕ್ಕವರಿಗೆ ಗಿಟಾರು, ಡ್ರಮ್ಸು, ವಯೊಲಿನ್ನುಗಳ ನಡುವೆ ಲುಂಗಿಯುಟ್ಟು ಗೆಜ್ಜೆ ಕಟ್ಟಿ ಹಾಡುವ ರಘು ದೀಕ್ಷಿತ್. ಪದ ಅದೇ, ಅದರ ಮಾತುಗಳೂ ಬಹುಮಟ್ಟಿಗೆ ಅವೇ. ಆದರೆ ಈ ಮೂವರು ಕೇಳುಗರು ಒಂದು ಕಡೆ ಕೂತರೆ ಜಗಳ ತಪ್ಪಿದ್ದಲ್ಲ.

ದೇವಸುಗೂರಿನಂಥ ಊರಿನಲ್ಲಿ ಈ ಮೂವರೂ ಒಂದು ಕಡೆ ಕೂರುತ್ತಾರೆ. ಒಂದು ಕಾಲಕ್ಕೆ ಅದು ಕೃಷ್ಣೆಯ ದಂಡೆಯ ಹಳ್ಳಿ. ಸೂಗೂರೇಶ್ವರನ ಗುಡಿ, ಜಾತ್ರೆ, ನಿಜಾಮರ ಕಾಲದಲ್ಲಿ ಹೊಳೆಗೆ ಕಟ್ಟಿದ ಉದ್ದನೆಯ ಸೇತುವೆ, ಅದರಾಚೆ ಇಂದಿನ ತೆಲಂಗಾಣ. 1985ರಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದ ಮೇಲೆ ಪಕ್ಕದಲ್ಲೇ ಶಕ್ತಿನಗರ ಬೆಳೆಯಿತು. ಒಂದೊಂದಾಗಿ ಎಂಟು ಘಟಕಗಳು ಎದ್ದು ಒಟ್ಟು 1720 ಮೆಗಾವಾಟಿನ ಸ್ಥಾವರವಾಯಿತು. ಮೈಸೂರು, ಮಂಡ್ಯ, ಧಾರವಾಡ, ಬೆಳಗಾವಿಗಳ ಇಂಜಿನಿಯರುಗಳೂ ಆಪರೇಟರುಗಳೂ ತಮ್ಮ ತಮ್ಮ ಟೇಪ್ ರೆಕಾರ್ಡರು, ಕ್ಯಾಸೆಟ್ಟುಗಳ ಸಮೇತ ಬಂದರು. ಮಾನ್ವಿ, ದೇವದುರ್ಗ ಕಡೆಯ ಹಳ್ಳಿಗಳಿಂದ ಗುತ್ತಿಗೆಯ ಕೂಲಿಗೆ ಬಂದವರು ತಮ್ಮ ಭಜನೆಯನ್ನು ತಂದರು. ಎರಡನೆಯ ತಲೆಮಾರು ಬೆಂಗಳೂರಿನಲ್ಲಿ ಓದಿ ಬಂದು ಮೊಬೈಲಿನಲ್ಲಿ ಹೊಸ ಆಲ್ಬಮ್ಮುಗಳನ್ನು ತೋರಿಸತೊಡಗಿತು. ಚಹಾದ ಹೋಟೆಲಿನಲ್ಲಿ ಇವರ ವಾದ ಸುಮಾರಾಗಿ ಹೀಗೆ ಸಾಗುತ್ತದೆ:

"ಏನ್ ತಮ್ಮಾ, ಇಂವಾ ಪದಾ ಹಾಡ್ತಾನೋ, ಜಗಳಾ ತಗೀತಾನೋ?"

"ಕಾಕಾ, ನಿಮ್ಮ ಭಜನಿ ಬೆಳಗಾದ್ರೂ ಮುಗಿಯಂಗಿಲ್ಲ. ಇದು ಐದು ನಿಮಿಷದಾಗ ಮುಗೀತದ. ಇದಕ್ಕಾರ ನಮ್ಮ ಹುಡುಗ್ರು ಶರೀಫಜ್ಜನ್ ಹೆಸರು ಕೇಳ್ಯಾರ."

"ಹೆಸರು ಕೇಳ್ಯಾರ. ಪದಾ ಕೇಳ್ಯಾರೇನು?"

ನಡುವಿನವರು, ಅಂದರೆ ಅಶ್ವಥ್ ಅವರ ಅಭಿಮಾನಿಗಳು, ಇಬ್ಬರನ್ನೂ ಒಪ್ಪುವುದಿಲ್ಲ. ಅವರ ಪ್ರಕಾರ ಶರೀಫರನ್ನು ಸರಿಯಾಗಿ ಹಾಡಿದವರು ಒಬ್ಬರೇ. ಅವರ ಮುಂಚಿನದು ಅಪಕ್ವ, ಆಮೇಲಿನದು ಅಪಚಾರ. ಕುತೂಹಲದ ಸಂಗತಿ ಎಂದರೆ ಇದೇ ಅಭಿಮಾನಿಗಳ ಮೆಚ್ಚಿನ ಧಾಟಿಯೂ ಒಂದು ಕಾಲಕ್ಕೆ ಹೊಸತಾಗಿತ್ತು, ಅದರ ಮೇಲೂ ಇದೇ ತಕರಾರು ಇತ್ತು. ಹಾಗಾಗಿ ಈ ಜಗಳಕ್ಕೆ ಒಂದು ಚರಿತ್ರೆಯಿದೆ. ಅದನ್ನು ತಿಳಿದುಕೊಂಡರೆ, ನಾವು ಯಾವುದಕ್ಕೆ ಜಗಳವಾಡುತ್ತಿದ್ದೇವೆ, ಯಾವುದನ್ನು ಆ ಗದ್ದಲದಲ್ಲಿ ಕಳೆದುಕೊಂಡಿದ್ದೇವೆ ಎನ್ನುವುದೂ ತಿಳಿಯುತ್ತದೆ.

ಧಾಟಿ ಬರೆದಿಡದ ಕವಿ

ಶರೀಫರು 1819ರಲ್ಲಿ ಇಂದಿನ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಹುಟ್ಟಿದರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರಶಾ ವಲಿಗಳಲ್ಲಿ ಮನೆತನಕ್ಕೆ ಭಕ್ತಿ. ಕಳಸದ ಗೋವಿಂದಭಟ್ಟರು ಅವರಿಗೆ ಗುರುವಾದರು. ಕೆಲವು ಕಾಲ ಊರ ಶಾಲೆಯ ಮಾಸ್ತರಿಕೆ ಮಾಡಿದರು. ಮದುವೆಯಾದರು, ಹೆಂಡತಿಯನ್ನೂ ಮಗುವನ್ನೂ ಕಳೆದುಕೊಂಡರು, ಆಮೇಲೆ ಊರೂರು ತಿರುಗಿದರು. 1889ರಲ್ಲಿ ತೀರಿಕೊಂಡಾಗ ಹಿಂದೂ, ಮುಸ್ಲಿಮ್ ಎರಡೂ ಕಡೆಯವರು ತಮ್ಮ ತಮ್ಮ ರೀತಿಯಲ್ಲಿ ಅಂತ್ಯಸಂಸ್ಕಾರದ ವಿಧಿಗಳನ್ನು ಮಾಡಿದರೆಂದು ಚರಿತ್ರಕಾರರು ಹೇಳುತ್ತಾರೆ. ಶಿಶುನಾಳದ ಗದ್ದುಗೆಗೆ ಇವತ್ತಿಗೂ ಎರಡೂ ಸಮುದಾಯದವರು ನಡೆದುಕೊಳ್ಳುತ್ತಾರೆ.

ನಮ್ಮ ಮಾತಿಗೆ ಮುಖ್ಯವಾದದ್ದು ಇಷ್ಟು: ಶರೀಫರು ಪುಸ್ತಕ ಅಚ್ಚು ಹಾಕಿಸಿದ ಕವಿಯಲ್ಲ. ಕಣ್ಣೆದುರು ಕಂಡದ್ದರ ಮೇಲೆ, ಕಂಡ ಹೊತ್ತಿನಲ್ಲೇ, ಪದ ಕಟ್ಟಿ ಹಾಡಿದವರು. ಬೀಸುವ ಕಲ್ಲು, ಸೋರುವ ಮಾಳಿಗೆ, ಸೇದುವ ಗುಡುಗುಡಿ, ಸಂತೆಯ ಕೊಡ, ಎಲ್ಲವೂ ಅವರ ಕೈಯಲ್ಲಿ ತತ್ವದ ಮಾತಾದವು. ಪಕ್ಕದಲ್ಲಿದ್ದವರು ಕೇಳಿ ಕಲಿತರು, ಭಜನಾ ಮೇಳಗಳು ಬಾಯಿಂದ ಬಾಯಿಗೆ ಸಾಗಿಸಿದವು. ಆದ್ದರಿಂದ ಒಂದೇ ಪದಕ್ಕೆ ಊರಿಗೊಂದು ಪಾಠ, ಮೇಳಕ್ಕೊಂದು ಧಾಟಿ. ಸ್ವರಲಿಪಿ ಎನ್ನುವುದು ಅವರ ಪದಗಳಿಗೆ ಯಾವತ್ತೂ ಇರಲಿಲ್ಲ. ಹೀಗಿರುವಾಗ 'ಶರೀಫರ ಮೂಲ ಧಾಟಿ' ಎಂದು ಯಾರಾದರೂ ಎದೆ ತಟ್ಟಿ ಹೇಳಿದರೆ, ಅದು ತಮ್ಮ ಊರಿನ, ತಮ್ಮ ಬಾಲ್ಯದ ಧಾಟಿ ಎಂದಷ್ಟೇ ಅರ್ಥ.

ನಮ್ಮ ರಾಯಚೂರು ಸೀಮೆಗೆ ಇದು ಹೊಸ ಮಾತಲ್ಲ. ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಹಾಡಿದ ನೆಲ ಇದು. ಅವರ ಕೀರ್ತನೆಗಳ ಮಾತು ಉಳಿದಿದೆ, ಅವರು ಹಾಡಿದ ರಾಗದ ನಡೆ ಉಳಿದಿಲ್ಲ. ಇಂದು ನಾವು ಕೇಳುವ ದಾಸವಾಣಿಯ ಬಹುಪಾಲು ಧಾಟಿಗಳು ಈಚಿನ ಗಾಯಕರು ಕೂಡಿಸಿದವು. ಭೀಮಸೇನ ಜೋಶಿಯವರು (1922–2011) ದಾಸರ ಪದಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದಾಗ ಯಾರೂ ಅದನ್ನು ಕೆಡಿಸಿದರೆನ್ನಲಿಲ್ಲ. ಮನೆಮನೆಯಲ್ಲಿ ಅದೇ 'ಮೂಲ' ಎಂಬಂತಾಯಿತು. ಪಕ್ಕದ ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಶಿಷ್ಯಪರಂಪರೆಯಲ್ಲೂ ಹೀಗೇ. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರಂಥ ಮುಸ್ಲಿಮ್ ತತ್ವಪದಕಾರರಿದ್ದರು. ಅವರ ಪದಗಳೂ ಏಕತಾರಿ, ದಮ್ಮಡಿಗಳ ಮೇಲೆ ಬಾಯಿಂದ ಬಾಯಿಗೆ ಸಾಗಿದವು.

ಇನ್ನೊಂದು ಸಂಗತಿ. ಭಜನೆಯಲ್ಲಿ ಕೇಳುಗ ಎನ್ನುವ ಜಾತಿಯೇ ಇಲ್ಲ. ಒಬ್ಬ ಸೊಲ್ಲು ಎತ್ತುತ್ತಾನೆ, ಮೇಳ ಅದನ್ನು ಮರಳಿ ಹಾಡುತ್ತದೆ. ಪದ ಮುಗಿದ ಮೇಲೆ ಅದರ ಒಳಗುಟ್ಟೇನು ಎಂದು ಒಬ್ಬ ಕೇಳುತ್ತಾನೆ, ಇನ್ನೊಬ್ಬ ಬಿಡಿಸುತ್ತಾನೆ, ಮೂರನೆಯವನು ಅಲ್ಲಗಳೆಯುತ್ತಾನೆ. ಗೀಗೀ ಪದದ ಹರದೇಶಿ-ನಾಗೇಶಿಗಳಲ್ಲಂತೂ ಎರಡು ಪಕ್ಷ ಕಟ್ಟಿಕೊಂಡು ರಾತ್ರಿಯಿಡೀ ಸವಾಲು-ಜವಾಬು ನಡೆಯುತ್ತದೆ. ಹಾಡಿನ ಮೇಲೆ ವಾದ ಮಾಡುವುದು ನಮ್ಮಲ್ಲಿ ಹಾಡಿನ ಹೊರಗಿನ ಕೆಲಸವಲ್ಲ, ಹಾಡಿನದೇ ಒಂದು ಭಾಗ. ಈ ದೃಷ್ಟಿಯಿಂದ ನೋಡಿದರೆ ಹೋಟೆಲಿನಲ್ಲಿ ಜಗಳವಾಡುವ ಆ ಕಾಕಾ ಮತ್ತು ಆ ಹುಡುಗ ಇಬ್ಬರೂ ಸಂಪ್ರದಾಯಸ್ಥರೇ.

ಕ್ಯಾಸೆಟ್ಟು ಬಂದಾಗ

ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ಟನ್ನು 1963ರಲ್ಲಿ ಹೊರತಂದರೂ ನಮ್ಮ ಹಳ್ಳಿಗಳಿಗೆ ಅದು ಬಂದದ್ದು ಎಪ್ಪತ್ತರ ದಶಕದ ಕೊನೆಗೆ, ಎಂಬತ್ತರ ದಶಕದಲ್ಲಿ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ತಂದ ಟೇಪ್ ರೆಕಾರ್ಡರಿನಲ್ಲಿ ನಮ್ಮ ಎಷ್ಟೋ ಮನೆಗಳು ಮೊದಲ ಸಲ ತಮಗೆ ಬೇಕಾದ ಹಾಡನ್ನು ತಮಗೆ ಬೇಕಾದ ಹೊತ್ತಿನಲ್ಲಿ ಕೇಳಿದವು. ಅಲ್ಲಿಯವರೆಗೆ ಹಾಡು ರೇಡಿಯೋದವರ ಮರ್ಜಿ. ಧಾರವಾಡ ಆಕಾಶವಾಣಿ 1950ರಲ್ಲಿ, ಕಲಬುರಗಿಯದು 1966ರಲ್ಲಿ ಶುರುವಾಗಿದ್ದವು. ಅವುಗಳ ಜಾನಪದ, ತತ್ವಪದ ಕಾರ್ಯಕ್ರಮಗಳಿಗೆ ಕಾದು ಕೂರುವವರಿದ್ದರು.

ಕನ್ನಡ ಕವಿತೆ ಕ್ಯಾಸೆಟ್ಟಿಗೆ ಇಳಿದ ಕಥೆಯಲ್ಲಿ ಒಬ್ಬ ಮುಸ್ಲಿಮ್ ಕವಿಯ ಹೆಸರು ಮೊದಲಿಗೇ ಬರುತ್ತದೆ. 1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ (1936–2020) ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಹೊರಬಂತು. ಅದನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಗುರುತಿಸುತ್ತಾರೆ. ಪುಸ್ತಕ ಓದದವರ ಮನೆಗೂ ಕವಿತೆ ಹೋಗಬಲ್ಲದು ಎಂದು ಅದು ತೋರಿಸಿತು. ಈ ದಾರಿಯಲ್ಲೇ ಶರೀಫರೂ ಬಂದರು. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು (1936–2021) ಶರೀಫರ ಪದಗಳನ್ನು ಆರಿಸಿ, ಪರಿಷ್ಕರಿಸಿ, ಅರ್ಥ ಬಿಡಿಸಿ ಕೊಟ್ಟರು. ಆ ಕೆಲಸಕ್ಕಾಗಿ ಅವರಿಗೆ 'ಶರೀಫ ಭಟ್ಟ' ಎಂಬ ಪ್ರೀತಿಯ ಹೆಸರೇ ಬಿತ್ತು. ಸಿ. ಅಶ್ವಥ್ ರಾಗ ಕೂಡಿಸಿ ಹಾಡಿದರು. ಶಿವಮೊಗ್ಗ ಸುಬ್ಬಣ್ಣ ತಮ್ಮ ತುಂಬುದನಿಯಲ್ಲಿ ಹಾಡಿದರು. 1990ರಲ್ಲಿ ಟಿ. ಎಸ್. ನಾಗಾಭರಣ ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಿತ್ರ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡ್ ಗೋವಿಂದಭಟ್ಟರಾಗಿ ನಟಿಸಿದರು. ಸಂಗೀತ ಅಶ್ವಥ್ ಅವರದೇ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಚಿತ್ರಕ್ಕೆ ಸಿಕ್ಕಿತು.

ಬೆಂಗಳೂರು, ಮೈಸೂರುಗಳ ಮಧ್ಯಮವರ್ಗ ಶರೀಫರನ್ನು ಕಂಡುಕೊಂಡದ್ದು ಹೀಗೆ. ಇದು ಸಣ್ಣ ಉಪಕಾರವಲ್ಲ. ಧಾರವಾಡದ ಆಚೆ ಹೆಸರೇ ಗೊತ್ತಿಲ್ಲದಿದ್ದ ಒಬ್ಬ ಮುಸ್ಲಿಮ್ ಸಂತ ಹತ್ತು ವರ್ಷಗಳಲ್ಲಿ ಇಡೀ ಕನ್ನಡದ ಸಂತನಾದ. ಆದರೆ ಭಜನೆಯವರ ತಕರಾರನ್ನೂ ತಳ್ಳಿಹಾಕುವಂತಿಲ್ಲ. ಅವರು ಹೇಳುತ್ತಿದ್ದದ್ದು ಮೂರು ಮಾತು. ಒಂದು, ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿಗೆ ಮೂವತ್ತೇ ನಿಮಿಷ. ಹತ್ತು ನುಡಿಯ ಪದ ನಾಲ್ಕು ನುಡಿಗೆ ಇಳಿಯಿತು. ಎರಡು, ಮೇಳ ಮರಳಿ ಹಾಡುತ್ತಿದ್ದ ಜಾಗಕ್ಕೆ ಕೊಳಲು, ಸಿತಾರು, ಕೀಬೋರ್ಡುಗಳ ಹಿನ್ನೆಲೆ ಬಂದು ಕೂತಿತು. ಹಾಡುವವರು ಕೇಳುವವರಾದರು. ಮೂರು, ಗಾಯಕ ತನ್ನ ಕಂಠದ ಏರಿಳಿತಕ್ಕೆ ತಕ್ಕಂತೆ ಪದವನ್ನು ನಾಟಕೀಯಗೊಳಿಸಿದ. ಒಳಗಿನ ಮಾತು ಹೊರಗಿನ ಕೂಗಾಯಿತು.

ಅಶ್ವಥ್ ಅವರ ಕಡೆಯ ವರ್ಷಗಳಲ್ಲಿ ಈ ಮೂರನೆಯ ಮಾತು ಅವರ ಅಭಿಮಾನಿಗಳ ಒಳಗೇ ಕೇಳತೊಡಗಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ಬಂದಿತ್ತು. ಭಾವಗೀತೆಗೆ ಮೈದಾನ ತುಂಬುತ್ತದೆಂದು ಅದಕ್ಕೂ ಮೊದಲು ಯಾರೂ ಎಣಿಸಿರಲಿಲ್ಲ. ಅಲ್ಲಿ ನೂರಾರು ಕಂಠಗಳ ಕೂಡುಗಾಯನವಿತ್ತು, ಉತ್ಸವವಿತ್ತು. ಮೊದಲಿನ ಕ್ಯಾಸೆಟ್ಟುಗಳಲ್ಲಿದ್ದ ಒಂಟಿದನಿಯ ಆರ್ತತೆ ಎಲ್ಲಿ ಹೋಯಿತು ಎಂದು ಕೇಳಿದವರೂ ಇದ್ದರು. ಒಬ್ಬನ ಅಳಲನ್ನು ಮೈದಾನಕ್ಕೆ ಹಂಚಿದರೆ ಅದು ಅಳಲಾಗಿ ಉಳಿಯದು, ಆದರೆ ಮೈದಾನಕ್ಕೂ ಅಳಲು ಬೇಕಲ್ಲವೇ ಎಂದವರೂ ಇದ್ದರು. ಅಶ್ವಥ್ 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಸತ್ತವರ ಕುರಿತು ವಾದ ನಿಲ್ಲುತ್ತದೆ. ಅವರ ಧಾಟಿಯೇ ಪ್ರಮಾಣವಾಯಿತು.

ಗಿಟಾರು ಬಂದಾಗ

ಅಷ್ಟು ಹೊತ್ತಿಗೆ ಮತ್ತೊಂದು ದನಿ ಎದ್ದಾಗಿತ್ತು. ಮೈಸೂರಿನಲ್ಲಿ ಬೆಳೆದ, ಭರತನಾಟ್ಯ ಕಲಿತ, ಸೂಕ್ಷ್ಮಜೀವಿಶಾಸ್ತ್ರ ಓದಿದ ರಘು ದೀಕ್ಷಿತ್ ಮೊದಲು 'ಅಂತರಾಗ್ನಿ' ಎಂಬ ತಂಡ ಕಟ್ಟಿದ್ದರು. ಆಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಕಟ್ಟಿದರು. 2008ರಲ್ಲಿ ಅವರ ಮೊದಲ ಆಲ್ಬಮ್ಮು ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅವರ ಬೆಂಬಲದಿಂದ ಹೊರಬಂತು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ 'ಸೋರುತಿಹುದು ಮನೆಯ ಮಾಳಿಗಿ' ಮತ್ತು 'ಗುಡುಗುಡಿಯ ಸೇದಿ ನೋಡೋ' ಇದ್ದವು. 2010ರಲ್ಲಿ ಆ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮದಲ್ಲಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ಶಿಗ್ಗಾವಿ ಸೀಮೆಯ ಕನ್ನಡ ಅಲ್ಲಿಗೆ ಹೋಯಿತು. 2013ರಲ್ಲಿ ಬಂದ ಎರಡನೆಯ ಆಲ್ಬಮ್ಮು 'ಜಗ್ ಚಂಗಾ'ದಲ್ಲಿ 'ಕೋಡಗನ ಕೋಳಿ' ಮತ್ತು 'ಲೋಕದ ಕಾಳಜಿ' ಸೇರಿದವು.

ಈ ತಂಡದ ಕೇಳುಗರಲ್ಲೇ ಈಗ ಮೊದಲನೆಯ ಆಲ್ಬಮ್ಮಿನವರು, ಎರಡನೆಯದರವರು ಎಂಬ ಒಡಕು ಕಾಣುತ್ತದೆ. ಮೊದಲಿನದರಲ್ಲಿ ಒಂದು ಒರಟುತನವಿತ್ತು, ಪದದ ಜೊತೆ ಗುದ್ದಾಡುವ ಹಟವಿತ್ತು, ಎರಡನೆಯದು ನಯವಾಯಿತು ಎನ್ನುವುದು ಒಂದು ಪಕ್ಷ. ಎರಡನೆಯದರಲ್ಲಿ ವಾದ್ಯಗಳು ಪದಕ್ಕೆ ಜಾಗ ಬಿಡಲು ಕಲಿತವು, ಒಗಟಿನ ಪದಕ್ಕೆ ಬೇಕಾದ ಆಟದ ಗುಣ ಈಗ ಬಂತು ಎನ್ನುವುದು ಇನ್ನೊಂದು. ನನಗೆ ಎರಡನೆಯ ಪಕ್ಷದ ಮಾತು ಹೆಚ್ಚು ಸರಿ ಎನಿಸುತ್ತದೆ. ಒಗಟಿನ ಪದವನ್ನು ಭಾರವಾದ ಮುಖ ಮಾಡಿ ಹಾಡಿದರೆ ಅದು ಒಗಟಾಗಿ ಉಳಿಯುವುದಿಲ್ಲ. ಮಕ್ಕಳು ಕುಣಿದು ಹಾಡುವ ಹಾಗೆಯೇ ಹಾಡಬೇಕು, ಕುಣಿದು ದಣಿದ ಮೇಲೆ ಅರ್ಥ ಹೊಳೆಯಬೇಕು.

ಇನ್ನೂ ಒಂದು ಮಾತನ್ನು ಭಜನೆಯ ಕಾಕಾಗಳು ಗಮನಿಸಬೇಕು. ರಾಕ್ ಕಚೇರಿಯಲ್ಲಿ ಜನ ಸುಮ್ಮನೆ ಕೂರುವುದಿಲ್ಲ. ಗಾಯಕ ಸೊಲ್ಲು ಎತ್ತಿ ಮೈಕನ್ನು ಜನರ ಕಡೆ ಹಿಡಿಯುತ್ತಾನೆ, ಜನ ಮರಳಿ ಹಾಡುತ್ತಾರೆ. ಕ್ಯಾಸೆಟ್ಟು ಕಿತ್ತುಕೊಂಡಿದ್ದ ಮೇಳವನ್ನು ಗಿಟಾರಿನವರು ಬೇರೆ ವೇಷದಲ್ಲಿ ಮರಳಿ ತಂದರು. ಮರಳದೆ ಉಳಿದದ್ದು ಪದ ಮುಗಿದ ಮೇಲಿನ ಆ ಪ್ರಶ್ನೆ: ಇದರ ಒಳಗುಟ್ಟೇನು?

ಕವ್ವಾಲಿಯ ಮನೆಯಲ್ಲೂ ಇದೇ ಮಾತು

ಈ ಜಗಳ ನಮ್ಮದೊಂದೇ ಅಲ್ಲ. 1965ರಲ್ಲಿ ಅಮೆರಿಕದ ಬಾಬ್ ಡಿಲನ್ ಒಂಟಿ ಗಿಟಾರು ಬಿಟ್ಟು ವಿದ್ಯುತ್ ಗಿಟಾರು ಹಿಡಿದಾಗ ಅವರ ಜನಪದ ಅಭಿಮಾನಿಗಳು ಸಿಟ್ಟಾದರು. ಮರುವರ್ಷ ಮ್ಯಾಂಚೆಸ್ಟರಿನ ಸಭೆಯಲ್ಲಿ ಒಬ್ಬ ಅವರನ್ನು ಗುರುದ್ರೋಹಿ ಜೂಡಾಸನ ಹೆಸರಿನಿಂದ ಕೂಗಿ ಕರೆದ. ನಮ್ಮ ಓದುಗರಿಗೆ ಇನ್ನೂ ಹತ್ತಿರದ ನಿದರ್ಶನ ನುಸ್ರತ್ ಫತೇ ಅಲಿ ಖಾನರದು (1948–1997).

ಶತಮಾನಗಳ ಕವ್ವಾಲಿ ಮನೆತನದಲ್ಲಿ ಹುಟ್ಟಿದ ನುಸ್ರತ್ 1971ರಲ್ಲಿ ಚಿಕ್ಕಪ್ಪ ಮುಬಾರಕ್ ಅಲಿ ಖಾನರು ತೀರಿಕೊಂಡ ಮೇಲೆ ಪಾರ್ಟಿಯ ಮುಂದಾಳಾದರು. ಫೈಸಲಾಬಾದಿನ ರೆಹಮತ್ ಗ್ರಾಮೋಫೋನ್ ಹೌಸಿನವರು, ಆಮೇಲೆ ಬರ್ಮಿಂಗ್‌ಹ್ಯಾಮಿನ ಓರಿಯಂಟಲ್ ಸ್ಟಾರ್ ಏಜೆನ್ಸಿಯವರು ತಂದ ಕ್ಯಾಸೆಟ್ಟುಗಳಲ್ಲಿ ಅವರ ಹಾಡು ಹಬ್ಬಿತು. 1985ರಲ್ಲಿ ಇಂಗ್ಲೆಂಡಿನ ವೊಮಾಡ್ ಉತ್ಸವದಲ್ಲಿ ಹಾಡಿದ ಮೇಲೆ ಪಶ್ಚಿಮದ ಬಾಗಿಲು ತೆರೆಯಿತು. 1990ರಲ್ಲಿ ಪೀಟರ್ ಗೇಬ್ರಿಯಲ್ ಅವರ ರಿಯಲ್ ವರ್ಲ್ಡ್ ಕಂಪನಿಯಿಂದ, ಮೈಕೆಲ್ ಬ್ರೂಕ್ ಎಂಬ ಗಿಟಾರ್ ವಾದಕರ ಜೊತೆಗೂಡಿ, 'ಮಸ್ತ್ ಮಸ್ತ್' ಬಂತು. 1996ರಲ್ಲಿ ಅದೇ ಜೋಡಿಯ 'ನೈಟ್ ಸಾಂಗ್' ಬಂತು. ಹಳೆಯ ಕೇಳುಗರು ಮುಖ ತಿರುಗಿಸಿದರು. ಸಮಾ ಮಜಲಿಸಿನಲ್ಲಿ ಒಂದು ಮಿಸ್ರಾವನ್ನು ಹದಿನೈದು ನಿಮಿಷ ಹಿಡಿದು, ಕೇಳುವವರ ಹಾಲನ್ನು ನೋಡಿ ಗಿರಹ ಕಟ್ಟುತ್ತಾ ಏರುವ ಕಲೆ ಐದು ನಿಮಿಷದ ಹಾಡಿಗೆ ಇಳಿದರೆ ಏನು ಉಳಿಯಿತು ಎಂದರು. ಹೊಸ ಕೇಳುಗರು, ಉರ್ದು ಪಂಜಾಬಿ ಬಾರದವರೂ ಈಗ ಕಣ್ಣೀರಿಡುತ್ತಾರಲ್ಲ ಎಂದರು. ಅದೇ ಕಾಲಕ್ಕೆ ಹಿಂದಿ ಸಿನಿಮಾದವರು ಅವರ ಧಾಟಿಗಳನ್ನು ಕೇಳದೆಯೇ ಎತ್ತಿಕೊಳ್ಳುತ್ತಿದ್ದರು. 1994ರ 'ಮೊಹ್ರಾ' ಚಿತ್ರದ ಜನಪ್ರಿಯ ಹಾಡಿನಲ್ಲಿ ಲಾಲ್ ಶಹಬಾಜ್ ಕಲಂದರರ ಧಮಾಲಿನ ಗುಂಗು ಯಾವ ಗುರುತೂ ಇಲ್ಲದೆ ಕುಣಿಯಿತು.

ಈ ಜಗಳಕ್ಕೆ 2024ರಲ್ಲಿ ಅನಿರೀಕ್ಷಿತ ತಿರುವು ಬಂತು. ರಿಯಲ್ ವರ್ಲ್ಡಿನವರ ಸಂಗ್ರಹದಲ್ಲಿ ಮರೆತು ಕೂತಿದ್ದ ಟೇಪುಗಳು ಸಿಕ್ಕಿ, 'ಚೈನ್ ಆಫ್ ಲೈಟ್' ಎಂಬ ಹೆಸರಿನಲ್ಲಿ ನಾಲ್ಕು ಕವ್ವಾಲಿಗಳು ಹೊರಬಂದವು. ಹಾರ್ಮೋನಿಯಂ, ತಬಲಾ, ಚಪ್ಪಾಳೆ, ಹಿಮ್ಮೇಳ, ಎಲ್ಲ ಹಳೆಯ ಪದ್ಧತಿ. ಧ್ವನಿಮುದ್ರಣವಾದದ್ದು ಯಾವಾಗ? 1990ರಲ್ಲಿ, ಅದೇ ಸ್ಟುಡಿಯೋದಲ್ಲಿ. ಎಂದರೆ 'ಮಸ್ತ್ ಮಸ್ತ್' ಬಂದ ವರ್ಷದಲ್ಲೇ ಅದೇ ಉಸ್ತಾದರು ಅದೇ ಛಾವಣಿಯ ಕೆಳಗೆ ಅಪ್ಪಟ ಕವ್ವಾಲಿಯನ್ನೂ ಹಾಡಿದ್ದರು. ಒಂದು ಬಜಾರಿಗೆ ಹೋಯಿತು, ಇನ್ನೊಂದು ಮೂವತ್ತನಾಲ್ಕು ವರ್ಷ ಕಪಾಟಿನಲ್ಲಿ ಉಳಿಯಿತು.

ಮೊದಲಿನ ನುಸ್ರತ್, ಆಮೇಲಿನ ನುಸ್ರತ್ ಎಂದು ಎರಡು ಭಾಗ ಮಾಡಿ ಜಗಳವಾಡಿದವರಿಗೆ ಇದರಲ್ಲಿ ಪಾಠವಿದೆ. ಹಾಡುವವನ ಒಳಗೆ ಎರಡೂ ಒಟ್ಟಿಗೇ ಇರುತ್ತವೆ. ನಮಗೆ ಯಾವುದು ಕೇಳಿಸುತ್ತದೆ ಎನ್ನುವುದನ್ನು ಬಹಳ ಸಲ ಆರಿಸುವವರು ನಿರ್ಧರಿಸುತ್ತಾರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಹೇಗೆ ಹಾಡಿದರು ಎನ್ನುವುದಷ್ಟೇ ಅಲ್ಲ. ಯಾವುದನ್ನು ಆರಿಸಿದರು, ಯಾವುದನ್ನು ಬಿಟ್ಟರು ಎನ್ನುವುದೂ ಹೌದು.

ಜಗಳದೊಳಗೆ ಬಾರದ ಪದಗಳು

ಈ ಪ್ರಶ್ನೆಯನ್ನು ಶರೀಫರ ವಿಷಯದಲ್ಲಿ ಕೇಳಿದರೆ ಉತ್ತರ ನೋಯಿಸುತ್ತದೆ. ಶರೀಫರ ಪದಗಳ ಸಂಕಲನಗಳಲ್ಲಿ ನೂರಾರು ಪದಗಳಿವೆ. ಭಜನೆಯವರಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸಿನಿಮಾಕ್ಕೆ, ಸಿನಿಮಾದಿಂದ ರಾಕ್ ತಂಡಗಳಿಗೆ ಬರುವಷ್ಟರಲ್ಲಿ ನಾಡಿನ ನಾಲಿಗೆಯಲ್ಲಿ ಉಳಿದದ್ದು ಒಂದು ಒಂದೂವರೆ ಡಜನ್ನು. ಪ್ರತಿಯೊಬ್ಬ ಹೊಸ ಗಾಯಕನೂ ಹಿಂದಿನವರು ಆರಿಸಿದ್ದರಿಂದಲೇ ಆರಿಸುತ್ತಾನೆ. ಅಶ್ವಥ್ ಸರಿಯೋ, ರಘು ದೀಕ್ಷಿತ್ ಸರಿಯೋ ಎಂದು ವಾದಿಸುವ ಎರಡೂ ಪಕ್ಷಗಳ ಕೈಯಲ್ಲಿರುವುದು ಒಂದೇ ಚೀಟಿ.

ಆ ಚೀಟಿಯಿಂದ ಪೂರ್ತಿ ಹೊರಗುಳಿದದ್ದು ರಿವಾಯತ್ ಪದಗಳು. ಮೊಹರಮ್ಮಿನ ಹೆಜ್ಜೆಮೇಳಗಳಿಗಾಗಿ ಶರೀಫರು ಕಟ್ಟಿದ ಪದಗಳಿವು. ರಿವಾಯತ್ ಎಂದರೆ ಅರಬಿಯಲ್ಲಿ ಕಥನ, ವರದಿ. ಹಿಜರಿ 61ರಲ್ಲಿ, ಕ್ರಿ.ಶ. 680ರಲ್ಲಿ, ಕರ್ಬಲಾದ ಮರಳಿನ ಮೇಲೆ ಇಮಾಮ್ ಹುಸೇನರೂ ಅವರ ಸಂಗಡಿಗರೂ ನೀರಿಲ್ಲದೆ ಹುತಾತ್ಮರಾದ ಕಥನ. ಅದನ್ನು ನಮ್ಮ ಉತ್ತರ ಕರ್ನಾಟಕದ ರೈತರು ಅಲಾವಿಯ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾ ಕನ್ನಡದಲ್ಲಿ ಹಾಡುತ್ತಾರೆ. ನಡುವೆ ಎದುರು ಮೇಳಕ್ಕೆ ಸವಾಲು ಹಾಕುವ ಒಗಟಿನ ಪದಗಳೂ ಬರುತ್ತವೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಎಷ್ಟು ದೊಡ್ಡದೆಂದು ಈ ಸೀಮೆಯವರಿಗೆ ಹೇಳಬೇಕಿಲ್ಲ. ಒಂದೂ ಮುಸ್ಲಿಮ್ ಮನೆಯಿಲ್ಲದ ಊರುಗಳಲ್ಲಿಯೂ ಅಲಾಯಿ ದೇವರು ಕೂರುವುದನ್ನು, ಆ ಊರಿನ ಕುರುಬರು, ನಾಯಕರು, ಲಿಂಗಾಯತರು ಹಸನ್ ಹುಸೇನರ ಹೆಸರು ಹಿಡಿದು ಅಳುವುದನ್ನು ನಾವು ನೋಡಿದ್ದೇವೆ. ಕರ್ಬಲಾದ ಕಥೆ ಕನ್ನಡದ ಹಳ್ಳಿಗೆ ಬಂದದ್ದು ಪುಸ್ತಕದಿಂದಲ್ಲ, ಇಂಥ ಪದಗಳಿಂದ.

ಶರೀಫರ ಈ ಪದಗಳು ಯಾವ ಜನಪ್ರಿಯ ಆಲ್ಬಮ್ಮಿನಲ್ಲೂ ಜಾಗ ಪಡೆಯಲಿಲ್ಲ. ಯಾರೋ ಹಟ ಹಿಡಿದು ಬಿಟ್ಟರೆಂದು ನಾನು ಹೇಳುವುದಿಲ್ಲ. ನಗರದ ಕೇಳುಗನಿಗೆ ತತ್ವ ಬೇಕಿತ್ತು, ಹಾಸ್ಯ ಬೇಕಿತ್ತು, ಎಲ್ಲರಿಗೂ ಒಪ್ಪಿಗೆಯಾಗುವ ಭಾವೈಕ್ಯ ಬೇಕಿತ್ತು. ಕರ್ಬಲಾ ಗೊತ್ತಿಲ್ಲದವನಿಗೆ ರಿವಾಯತ್ತಿನ ಮಾತು ಹಿಡಿಯುವುದಿಲ್ಲ. ಹಾಗಾಗಿ ಶರೀಫರು ಭಾವೈಕ್ಯದ ಸಂತರಾಗಿ ಉಳಿದರು, ಆ ಭಾವೈಕ್ಯದ ಒಂದು ಕಣ್ಣಾಗಿದ್ದ ಮೊಹರಂ ಮಾತ್ರ ಜಾರಿತು. ಒಂದೇ ಕಡೆಯ ಗುರುತು ಉಳಿದ ಮೇಲೆ ಅದನ್ನು ಐಕ್ಯ ಎನ್ನುವುದು ಹೇಗೆ? ಇವತ್ತು ಸಭೆಗಳಲ್ಲಿ ಸೌಹಾರ್ದದ ಮಾತು ಬಂದ ಕೂಡಲೇ ಶರೀಫರ ಹೆಸರು ಬರುತ್ತದೆ, ಒಂದು ಪದವೂ ಬರುತ್ತದೆ. ಅವರು ಹುಸೇನರಿಗಾಗಿ ಕಟ್ಟಿದ ಪದ ಬಂದದ್ದನ್ನು ನಾನು ಕೇಳಿಲ್ಲ.

ಬಿಟ್ಟವರಲ್ಲಿ ನಾವೂ ಇದ್ದೇವೆ. ಮುಸ್ಲಿಮರಲ್ಲಿ ಎಷ್ಟೋ ಮಂದಿಗೆ ಶರೀಫರು ಅರ್ಧ ತಮ್ಮವರು. ಭಟ್ಟರ ಶಿಷ್ಯ, ಭಜನೆಯ ಮನುಷ್ಯ ಎಂದು ದೂರ ಇಟ್ಟೆವು. ಉರ್ದು ಓದಿದವರು ಅನೀಸ್, ದಬೀರರ ಮರ್ಸಿಯಾಗಳನ್ನು ಬಲ್ಲೆವು, ಅವರ ಸರಿಸುಮಾರು ಸಮಕಾಲೀನನಾದ 'ನಮ್ಮ' ಒಬ್ಬ ಕವಿ ಕನ್ನಡದಲ್ಲಿ ಅದೇ ಕಥನವನ್ನು ಕಟ್ಟಿದ್ದಾನೆಂದು ತಿಳಿಯಲಿಲ್ಲ. ಮೀರ್ ಅನೀಸರು ಲಖನೌದಲ್ಲಿ ತೀರಿಕೊಂಡದ್ದು 1874ರಲ್ಲಿ, ಮಿರ್ಜಾ ದಬೀರರು 1875ರಲ್ಲಿ. ಆಗ ಶರೀಫರಿಗೆ ಐವತ್ತೈದು ವರ್ಷದ ಆಸುಪಾಸು. ಮೊಹರಮ್ಮಿನ ಪಂಜಾ, ಅಲಾವಿಗಳ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಅವು ದೀನಿನ ತಿಳಿವಳಿಕೆಗೆ ಸಂಬಂಧಿಸಿದವು, ಅವುಗಳನ್ನು ಹಗುರಾಗಿ ಕಾಣಬಾರದು. ಆದರೆ ಅಲಾವಿಗೆ ಹೋಗುವುದು ಬೇರೆ, ಒಂದು ಕಾವ್ಯಪರಂಪರೆಯನ್ನು ಕೇಳಿ ಬರೆದಿಡುವುದು ಬೇರೆ. ಮೊದಲಿನದನ್ನು ಬಿಟ್ಟವರು ಎರಡನೆಯದನ್ನೂ ಬಿಡಬೇಕೆಂದೇನೂ ಇಲ್ಲ.

ಈ ಕೆಲಸಕ್ಕೆ ದೊಡ್ಡ ಸ್ಟುಡಿಯೋ ಬೇಡ. ತತ್ವಪದಗಳ ಸಂಪುಟಗಳು ಈಚಿನ ವರ್ಷಗಳಲ್ಲಿ ಅಚ್ಚಾಗಿವೆ, ಪದದ ಮಾತುಗಳು ಮಟ್ಟಿಗೆ ಉಳಿದಾವು. ಧಾಟಿ ಇರುವುದು ಮಾತ್ರ ಮುಪ್ಪಾದ ಕಂಠಗಳಲ್ಲಿ. ರಿವಾಯತ್ತಿನ ಸೊಲ್ಲು ಎತ್ತಬಲ್ಲ ಹಿರಿಯರು ಮುದಗಲ್ಲಿನ, ಮಾನ್ವಿ, ದೇವದುರ್ಗ ಕಡೆಯ ಮೇಳಗಳಲ್ಲಿ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈಗ ಪ್ರತಿ ಹುಡುಗನ ಜೇಬಿನಲ್ಲೂ ಮೊಬೈಲಿದೆ, ಅದರಲ್ಲಿ ರಾತ್ರಿಯಿಡೀ ಧ್ವನಿ ಹಿಡಿಯಬಹುದು. ಅರವತ್ತು ನಿಮಿಷದ ಕಟ್ಟಳೆ ಇಲ್ಲ, ಒಂದು ನುಡಿಯನ್ನೂ ಕತ್ತರಿಸಬೇಕಿಲ್ಲ. ಹಿಡಿದದ್ದನ್ನು ಆಮೇಲೆ ಯಾರಾದರೂ ಹಾರ್ಮೋನಿಯಮ್ಮಿಗೆ ಹಾಡಲಿ, ಗಿಟಾರಿಗೆ ಹಾಡಲಿ. ಆಗ ಅದು ಸರಿಯಾಯಿತೋ ಕೆಟ್ಟಿತೋ ಎಂದು ಜಗಳವಾಡಲು ನಮ್ಮ ಮಕ್ಕಳಿಗೆ ಹೊಸ ಪದಗಳಾದರೂ ಸಿಗುತ್ತವೆ. ಹೋಟೆಲಿನ ಆ ಕಾಕಾನಿಗೂ ಆ ಹುಡುಗನಿಗೂ ನನ್ನದು ಒಂದೇ ಅರಿಕೆ: ಮುಂದಿನ ಮೊಹರಮ್ಮಿನ ಹತ್ತು ರಾತ್ರಿ ಜಗಳ ಬದಿಗಿಟ್ಟು ಇಬ್ಬರೂ ಒಟ್ಟಿಗೆ ಹೋಗಿ ಕೂತು ಕೇಳಲಿ. ಕಾಕಾ ಪದದ ಒಳಗುಟ್ಟು ಬಿಡಿಸಲಿ, ಹುಡುಗ ಮೊಬೈಲು ಹಿಡಿಯಲಿ.